ಹತ್ತು ವರ್ಷದ ಯೋಜನೆ ಎಲ್ಲಿಂದ ಆರಂಭವಾಗಬೇಕು?

ಆತ್ಮೀಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಶಾಲೆಯ ಮುಂದಿನ ಹತ್ತು ವರ್ಷಗಳ ಯೋಜನೆ ಬರೆಯುವ ಹೊಣೆ ನಿಮ್ಮ ಸಮಿತಿಯ ಮೇಲಿದೆ. ಪ್ರತಿ ಮಗುವಿಗೂ ಟ್ಯಾಬ್ಲೆಟ್, ಕೃತಕ ಬುದ್ಧಿಮತ್ತೆಯ ಪಾಠ ಸಹಾಯಕ ಬೇಕೇಬೇಕೆಂದು ಮಾರುವವರು ಹೇಳುತ್ತಿದ್ದಾರೆ. "ಈಗಲೇ ಕೊಳ್ಳದಿದ್ದರೆ ನಮ್ಮ ಮಕ್ಕಳು ಹಿಂದೆ ಬೀಳುವುದಿಲ್ಲವೇ?" ಎಂದು ಕೇಳಿದ್ದೀರಿ. ಈ ಆತಂಕ ಸಹಜ. ಆದರೆ ಆತಂಕದಲ್ಲಿ ಬರೆದ ಯೋಜನೆ ಕೊನೆಗೆ ಖರೀದಿ ಪಟ್ಟಿಯಾಗಿ ಮುಗಿಯುತ್ತದೆ.

ಹತ್ತು ವರ್ಷ ಎಂದಿರಲ್ಲ, 1913ರಲ್ಲಿ ಥಾಮಸ್ ಎಡಿಸನ್ ಹೇಳಿದ್ದೂ ಅದೇ ಗಡುವು. ಚಲನಚಿತ್ರ ಬಂದಿದೆ, ಹತ್ತು ವರ್ಷದೊಳಗೆ ಶಾಲೆಗಳು ಪೂರ್ತಿ ಬದಲಾಗುತ್ತವೆ, ಪಠ್ಯಪುಸ್ತಕ ಮೂಲೆ ಸೇರುತ್ತದೆ ಎಂದು ಅವರು ನಂಬಿದ್ದರು. ಆಮೇಲೆ ರೇಡಿಯೊ ಬಂತು, ಟೆಲಿವಿಷನ್ ಬಂತು, ಕಂಪ್ಯೂಟರ್ ಬಂತು. ಎಲ್ಲವೂ ಒಂದಿಷ್ಟು ಉಪಕಾರ ಮಾಡಿದವು. ಪುಸ್ತಕ ಇನ್ನೂ ಮಕ್ಕಳ ಚೀಲದಲ್ಲೇ ಇದೆ.

ನಿಮಗೆ ಹೆಚ್ಚು ಹತ್ತಿರದ ಪಾಠ ಪೆರು ದೇಶದ್ದು. ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆಯಡಿ ಅಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಹಂಚಿದರು. 319 ಪ್ರಾಥಮಿಕ ಶಾಲೆಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 2012ರಲ್ಲಿ ಹೊರಬಂತು. ಗಣಿತದಲ್ಲಿ, ಭಾಷೆಯಲ್ಲಿ ಕಲಿಕೆ ಸುಧಾರಿಸಿದ್ದು ಕಾಣಲಿಲ್ಲ. ಯಂತ್ರ ತರಗತಿಯೊಳಗೆ ಬಂದಿತ್ತು; ಕಲಿಸುವ ಬಗೆ ಹಾಗೆಯೇ ಇತ್ತು.

ಕೃತಕ ಬುದ್ಧಿಮತ್ತೆ ಬೇರೆಯಲ್ಲವೇ ಎಂದರೆ, ಹೌದು, ಬೇರೆಯೇ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಉತ್ತರವನ್ನಷ್ಟೇ ಅಲ್ಲ, ಉತ್ತರಕ್ಕೆ ಹೋಗುವ ದಾರಿಯನ್ನೂ ಯಂತ್ರವೇ ಬರೆದುಕೊಡುತ್ತಿದೆ. ನನ್ನ ಚಿಂತೆ ಇರುವುದು ಇಲ್ಲೇ. ಭಿನ್ನರಾಶಿ ಕಲಿಯುತ್ತಿರುವ ಮಗುವಿನ ನೋಟ್‌ಬುಕ್ ತೆರೆದು ನೋಡಿ: 1/2 + 1/3 = 2/5. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದೆ. ಆ ತಪ್ಪಿನಲ್ಲೊಂದು ಯೋಚನೆಯಿದೆ. ಅದನ್ನು ಕಂಡ ಶಿಕ್ಷಕಿಗೆ ಎಲ್ಲಿಂದ ಹೇಳಿಕೊಡಬೇಕೆಂದು ತಕ್ಷಣ ಹೊಳೆಯುತ್ತದೆ. ಯಂತ್ರ ಹಂತಗಳ ಸಮೇತ 5/6 ಎಂದು ಬರೆಸಿಬಿಟ್ಟರೆ ಪುಟ ಅಂದವಾಗಿರುತ್ತದೆ, ತಪ್ಪು ಮಾತ್ರ ಮಗುವಿನ ತಲೆಯಲ್ಲೇ ಉಳಿಯುತ್ತದೆ. ಇಂಥ ಸಾಧನಗಳನ್ನು ತರಗತಿಯಲ್ಲಿ ಬಳಸಲು ಕನಿಷ್ಠ 13 ವರ್ಷವಾಗಿರಬೇಕೆಂದು ಯುನೆಸ್ಕೊ 2023ರಲ್ಲಿ ಸಲಹೆ ಮಾಡಿತು. ನನ್ನ ಮಟ್ಟಿಗೆ ಅದು ತೀರಾ ಕಡಿಮೆಯ ಮಿತಿ.

ಹಾಗಾಗಿ ಯೋಜನೆಯ ಮೊದಲ ಪುಟದಲ್ಲಿ ಯಾವ ಸಾಧನದ ಹೆಸರೂ ಬೇಡ. ಹತ್ತನೆಯ ವರ್ಷದಲ್ಲೂ ಮಗು ಯಾರ ನೆರವಿಲ್ಲದೆ ಏನೇನು ಮಾಡಬಲ್ಲದಾಗಿರಬೇಕು ಎಂಬುದನ್ನು ಶಿಕ್ಷಕರನ್ನು ಕೂರಿಸಿಕೊಂಡು ಬರೆಯಿರಿ. ಒಂದು ಪುಟ ಓದಿ ತನ್ನ ಮಾತಿನಲ್ಲಿ ಹೇಳುವುದು, ಲೆಕ್ಕದ ಉತ್ತರ ಸರಿಯಿರಬಹುದೇ ಎಂದು ಅಂದಾಜಿಸುವುದು, ಹೀಗೆ. ಸಾಧನಗಳ ಮಾತು ಪ್ರತ್ಯೇಕ ಪುಟದಲ್ಲಿರಲಿ, ಅದನ್ನು ವರ್ಷಕ್ಕೊಮ್ಮೆ ತಿದ್ದಿ. ಮೊದಲು ಒಂದೇ ತರಗತಿಯಲ್ಲಿ, ಒಪ್ಪಿ ಮುಂದೆ ಬಂದ ಒಬ್ಬ ಶಿಕ್ಷಕರ ಕೈಯಲ್ಲಿ ಬಳಸಿ ನೋಡಿ. ಮಕ್ಕಳ ಮಾಹಿತಿ ಎಲ್ಲಿ ಸಂಗ್ರಹವಾಗುತ್ತದೆ, ಮೂರನೆಯ ವರ್ಷ ಬ್ಯಾಟರಿ ಕೈಕೊಟ್ಟಾಗ ದುಡ್ಡು ಯಾರು ಕೊಡುತ್ತಾರೆ, ಈ ಎರಡಕ್ಕೂ ಮಾರುವವರಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಕರಡು ಸಿದ್ಧವಾದಾಗ ನನಗೊಂದು ಪ್ರತಿ ಕಳುಹಿಸಿ. ಮೊದಲ ಪುಟವನ್ನು ಪತ್ರಿಕೆಯಲ್ಲಿ ಪ್ರಕಟಿಸಿ, ಇತರ ಶಾಲೆಗಳ ಶಿಕ್ಷಕರ ಅಭಿಪ್ರಾಯ ಕೇಳೋಣ.

– ಸಂಪಾದಕ