ಮುಟ್ಟಿನ ಏರುಪೇರು: ಯಾವುದು ಸಹಜ, ಯಾವುದಕ್ಕೆ ಡಾಕ್ಟರ್ ಬೇಕು?

ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನದವರೆಗೆ ಎಣಿಸಿ. ವಯಸ್ಕರಲ್ಲಿ 24ರಿಂದ 38 ದಿನ ಸಹಜ; ಸ್ರಾವ 8 ದಿನದೊಳಗೆ ನಿಲ್ಲಬೇಕು. ಮೈನೆರೆದ ಮೊದಲ ಎರಡು ಮೂರು ವರ್ಷ ಮುಟ್ಟಿನಿಂದ ಮುಟ್ಟಿಗೆ ಅಂತರ 45 ದಿನದವರೆಗೂ ಎಳೆಯಬಹುದು.

ಹೆಚ್ಚಿನವರು ಸಹಿಸಿಕೊಂಡು ಸುಮ್ಮನಿರುವುದು ಅತಿಸ್ರಾವದಲ್ಲಿ. ಒಂದೆರಡು ಗಂಟೆಗೇ ಪ್ಯಾಡ್ ತೋಯುವುದು, ರಾತ್ರಿ ಎದ್ದು ಬದಲಿಸಬೇಕಾಗುವುದು, ದೊಡ್ಡ ಗಡ್ಡೆಗಟ್ಟಿದ ರಕ್ತ ಬೀಳುವುದು ಇದರ ಗುರುತು. ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ), ಪಾಲಿಪ್ (ಒಳಪದರದ ಸಣ್ಣ ಬೆಳವಣಿಗೆ), ಥೈರಾಯ್ಡ್ ತೊಂದರೆ ಕಾರಣವಿರಬಹುದು. ಹದಿಹರೆಯದಲ್ಲಾದರೆ ರಕ್ತ ಹೆಪ್ಪುಗಟ್ಟುವ ದೋಷವನ್ನೂ ನೋಡಬೇಕು. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು, ಹಾಗಾಗಿ ಆ ದಾಸ್ತಾನು ತೋರಿಸುವ ಫೆರಿಟಿನ್ ರಕ್ತಪರೀಕ್ಷೆಯನ್ನೂ ಮಾಡಿಸಿ.

ಮೂರು ತಿಂಗಳು ಮುಟ್ಟೇ ಇಲ್ಲದಿದ್ದರೆ ಮೊದಲು ಗರ್ಭಪರೀಕ್ಷೆ, ಆಮೇಲೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಹಾಲೂಡಿಕೆಯ ಹಾರ್ಮೋನ್) ರಕ್ತಪರೀಕ್ಷೆ. ಜತೆಗೆ ಮೊಡವೆ, ಗಲ್ಲದ ಮೇಲೆ ಕೂದಲು ಇದ್ದರೆ ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ಏರುಪೇರು) ಶಂಕೆ. 15 ತುಂಬಿದರೂ ಮೈನೆರೆಯದ ಹುಡುಗಿಯನ್ನೂ ತೋರಿಸಬೇಕು.

ನಮ್ಮ ಕಾಸರಗೋಡಿನ ಕಡೆ ನೇಮ (ದೈವಾರಾಧನೆ), ಜಾತ್ರೆ, ಮದುವೆಗೆಂದು ಮುಟ್ಟು ಮುಂದೂಡುವ ನೊರೆಥಿಸ್ಟೆರಾನ್ ಮಾತ್ರೆ ನುಂಗುವವರಿದ್ದಾರೆ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಸ್ರಾವ ಶುರುವಾಗುತ್ತದೆ. ಆ ತಿಂಗಳ ಲೆಕ್ಕ ತಪ್ಪಿದರೆ ಅದು ಕಾಯಿಲೆಯಲ್ಲ. ಡಾಕ್ಟರನ್ನು ಕೇಳದೆ ಯಾರೂ ಇದನ್ನು ಅಂಗಡಿಯಿಂದ ತಾವಾಗಿಯೇ ತಂದು ನುಂಗಕೂಡದು; ಕಾಲಿನ ರಕ್ತನಾಳದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದ್ದವರಂತೂ ಕೂಡದೇ ಕೂಡದು.

ಎರಡು ಮುಟ್ಟಿನ ನಡುವೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ ಗರ್ಭಕೊರಳಿನ ತಪಾಸಣೆ ಆಗಲೇಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ಕಾಯಬೇಡಿ, ಸ್ಕ್ಯಾನ್ ಮಾಡಿಸಿ ಗರ್ಭಕೋಶದ ಒಳಪದರದ ದಪ್ಪ ನೋಡಿಸಿ. ಡಾಕ್ಟರ ಬಳಿ ಹೋಗುವಾಗ ಹಿಂದಿನ ಮೂರು ತಿಂಗಳ ಮುಟ್ಟಿನ ತಾರೀಕು ಬರೆದಿಟ್ಟುಕೊಂಡು ಹೋಗಿ.