ಹಾಯಿದೋಣಿಯ ಡೀಸೆಲ್ ಎಂಜಿನ್: ಹಳೇ ಕೂಲೆಂಟ್ ಪೂರ್ತಿ ತೆಗೆಯೋದು ಹೇಗೆ?

ಸೆಕೆಂಡ್ ಹ್ಯಾಂಡ್ ಹಾಯಿದೋಣಿ ಕೊಂಡಿದ್ದೀರಿ, ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ಕಂದು ಬಣ್ಣಕ್ಕೆ ತಿರುಗಿದೆ, ಒಂದು ಪೈಪ್ ಬಿಚ್ಚಿ ಸುರಿದು ನಲ್ಲಿ ನೀರು ಬೆರೆಸಿದ ಹೊಸದು ತುಂಬಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಮೊದಲ ಸಲ ನಾನೂ ಅಷ್ಟೇ ಮಾಡಿದ್ದೆ. ನನ್ನ ದೋಣಿ ಇರೋದು ಇಂಗ್ಲೆಂಡಿನ ಸೌತಾಂಪ್ಟನ್ ಹತ್ತಿರ, ಹ್ಯಾಂಬಲ್ ನದಿಯಲ್ಲಿ. ಎಂಜಿನ್ನಿಗೆ ಹಿಡಿಯೋದು ಸುಮಾರು 5 ಲೀಟರ್, ಅವತ್ತು ಹೊರಬಂದದ್ದು ಎರಡೂವರೆ. ಉಳಿದರ್ಧ ಎಲ್ಲಿದೆ ಅಂತ ನಾನು ಯೋಚಿಸಲೇ ಇಲ್ಲ. ತಿಂಗಳೊಳಗೆ ಹೊಸ ಕೂಲೆಂಟೂ ಕೆಮ್ಮಣ್ಣಿನ ನೀರಿನ ಹಾಗಾಯ್ತು. ಆದ್ದರಿಂದ ಹೊರಬಂದದ್ದನ್ನು ಅಳೆಯಿರಿ, ಮ್ಯಾನ್ಯುಯಲ್ ಲೆಕ್ಕಕ್ಕೆ ಹೋಲಿಸಿ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೇ ಕೂಲೆಂಟ್ ತುಂಬುವ ಕ್ಯಾಪ್ ತೆಗೆಯಿರಿ, ಬಿಸಿ ಇದ್ದರೆ ಮುಖಕ್ಕೆ ಚಿಮ್ಮುತ್ತೆ. ಅದಕ್ಕೂ ಮೊದಲು, ದೋಣಿಯ ತಳದಲ್ಲಿ (ಬಿಲ್ಜ್) ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ಆಟೋಮ್ಯಾಟಿಕ್ ಸ್ವಿಚ್ ಆಫ್ ಮಾಡಿ. ಇಲ್ಲದಿದ್ದರೆ ಚೆಲ್ಲಿದ್ದನ್ನೆಲ್ಲ ಅದು ಸೀದಾ ನೀರಿಗೆ ಹಾಕುತ್ತೆ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಆದರೆ ರುಚಿ ಸಿಹಿ. ನಾಯಿ ಬೆಕ್ಕು ನೆಕ್ಕಿದರೆ ಸತ್ತೇ ಹೋಗುತ್ತವೆ. ಹಳೇದನ್ನು ಕ್ಯಾನಿಗೆ ತುಂಬಿ, ವಿಷಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಎಂಜಿನ್ ಬ್ಲಾಕಿನ ಬದಿಯಲ್ಲಿ ಡ್ರೈನ್ ಕಾಕ್ (ಇಳಿಸುವ ಪುಟ್ಟ ನಲ್ಲಿ) ಹುಡುಕಿ, ಅರ್ಧ ಕೂಲೆಂಟ್ ಅಡಗಿ ಕೂರೋದು ಅಲ್ಲೇ. ನಾನು ಎರಡನೇ ಸಲ ಅದನ್ನು ತಿರುಗಿಸಿದಾಗ ನಾಲ್ಕು ಹನಿ ಬಿದ್ದು ನಿಂತಿತು. ಗಟ್ಟಿ ತಂತಿ ತೂರಿಸಿ ಕೆದಕಿದೆ. ರಾಗಿ ಅಂಬಲಿಯಂಥ ರಾಡಿ ಮೊದಲು ಇಳಿಯಿತು, ಆಮೇಲೆ ಕಂದು ನೀರು ಧಾರೆಯಾಗಿ ಸುರಿದು ಪಾತ್ರೆ ತುಂಬಿತು. ದೋಣಿಯಲ್ಲಿ ಎಂಜಿನ್ ಶಾಖದಿಂದ ಕಾಯುವ ಬಿಸಿನೀರಿನ ಟ್ಯಾಂಕ್ ಇದ್ದರೆ ಅದರ ಪೈಪುಗಳಲ್ಲೂ ಒಂದಷ್ಟು ಇರುತ್ತೆ, ಮರೆಯಬೇಡಿ.

ಇನ್ನು ತೊಳೆಯೋದು. ಬರೀ ನೀರು ತುಂಬಿ, ಕೂಲೆಂಟನ್ನು ಹೊರಗಿನಿಂದ ತಂಪಾಗಿಸುವ ಸಮುದ್ರದ ನೀರಿನ ವಾಲ್ವ್ ತೆರೆದಿದೆಯಾ ನೋಡಿ ಎಂಜಿನ್ ಸ್ಟಾರ್ಟ್ ಮಾಡಿ. ಬಿಸಿಯಾದಾಗ ತಾನೇ ತೆರೆಯುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ತೆರೆಯೋ ತನಕ ಓಡಿಸಲೇಬೇಕು, ಅದು ಮುಚ್ಚಿರುವಷ್ಟು ಹೊತ್ತು ನೀರು ಎಲ್ಲ ಕಡೆ ಸರಿಯಾಗಿ ಸುತ್ತೋದಿಲ್ಲ. ತಣ್ಣಗಾದ ಮೇಲೆ ಇಳಿಸಿ. ತಿಳಿ ನೀರು ಬರೋವರೆಗೂ ಹೀಗೇ ಮಾಡಿ. ನನಗೆ ನಾಲ್ಕು ಸಲ ಬೇಕಾಯ್ತು. ಇಷ್ಟಕ್ಕೆ ನಲ್ಲಿ ನೀರು ನಡೆಯುತ್ತೆ, ಕೊನೇ ಸಲಕ್ಕೆ ಮಾತ್ರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ನಮ್ಮ ಕಡೆ ನೀರು ಬೆಂಗಳೂರಿನ ಬೋರ್‌ವೆಲ್ ನೀರಿನ ಹಾಗೆ ಗಡಸು. ಕೆಟಲ್‌ ತಳದಲ್ಲಿ ಕಟ್ಟುವ ಬಿಳಿ ಪದರವೇ ಎಂಜಿನ್ ಒಳಗೂ ಕಟ್ಟುತ್ತೆ.

ತುಂಬುವಾಗ ಬಹಳ ಜನ ತಪ್ಪುತ್ತಾರೆ. ಎಷ್ಟೇ ಇಳಿಸಿದರೂ ಒಳಗೆ ಸ್ವಲ್ಪ ನೀರು ಉಳಿದಿರುತ್ತೆ. ಅದರ ಮೇಲೆ ರೆಡಿಮೇಡ್ ಅರ್ಧಕ್ಕರ್ಧ ಮಿಶ್ರಣ ಸುರಿದರೆ ತೆಳ್ಳಗಾಗುತ್ತೆ. 5 ಲೀಟರ್ ಹಿಡಿಯುವ ಎಂಜಿನ್ನಿಗೆ ಮೊದಲು ನೀರು ಬೆರೆಸದ ಕೂಲೆಂಟ್ ಎರಡೂವರೆ ಲೀಟರ್ ಹಾಕಿ, ಆಮೇಲೆ ಡಿಸ್ಟಿಲ್ಡ್ ವಾಟರಿನಿಂದ ಭರ್ತಿ ಮಾಡಿ. ಅರ್ಧಕ್ಕರ್ಧ ಇದ್ದರೆ ಸುಮಾರು ಮೈನಸ್ 37 ಡಿಗ್ರಿವರೆಗೂ ಹೆಪ್ಪುಗಟ್ಟಲ್ಲ, ತುಕ್ಕು ತಡೆಯೋ ಅಂಶವೂ ಸಾಕಷ್ಟಿರುತ್ತೆ. ಹಸಿರು, ಕೆಂಪು ಬಣ್ಣ ನೋಡಿ ಕೊಳ್ಳಬೇಡಿ, ಕಂಪನಿಯಿಂದ ಕಂಪನಿಗೆ ಅದು ಬೇರೆ. ಮ್ಯಾನ್ಯುಯಲ್ ಹೇಳಿದ ಬಗೆಯದೇ ತನ್ನಿ.

ಕ್ಯಾಪ್ ತೆಗೆದಿಟ್ಟೇ ಎಂಜಿನ್ ನಿಧಾನಕ್ಕೆ ಓಡಿಸಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಪಟ್ಟನೆ ಇಳಿಯುತ್ತೆ, ಆಗ ಇನ್ನಷ್ಟು ಸೇರಿಸಿ. ಬಿಸಿನೀರಿನ ಟ್ಯಾಂಕಿನ ಪೈಪ್ ಮಾತ್ರ ತಣ್ಣಗೇ ಇದ್ದರೆ ಅಲ್ಲಿ ಗಾಳಿ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ಎಂಜಿನ್ ನಿಲ್ಲಿಸಿ, ಆರಿದ ಮೇಲೆ ಆ ಪೈಪಿನ ಎತ್ತರದ ತುದಿ ಬಿಚ್ಚಿ ಅಲ್ಲಿಂದಲೇ ತುಂಬಿ.

ಬಿಲ್ಜ್ ಪಂಪ್ ಮತ್ತೆ ಆನ್ ಮಾಡಿ. ಮೊದಲ ಎರಡು ಮೂರು ಸುತ್ತು ಹೋಗಿಬಂದಾಗಲೆಲ್ಲ, ಎಂಜಿನ್ ತಣ್ಣಗಾದ ಮೇಲೆ ಮಟ್ಟ ನೋಡಿ. ಬಿಲ್ಜ್ ಒಣಗಿದ್ದರೂ ಮಟ್ಟ ಇಳಿಯುತ್ತಲೇ ಇದ್ದರೆ, ಸಮುದ್ರದ ನೀರಿನಿಂದ ಕೂಲೆಂಟ್ ತಂಪಾಗಿಸುವ ಹೀಟ್ ಎಕ್ಸ್‌ಚೇಂಜರಿನ ಒಳಗಿನ ಕೊಳವೆ ತೂತಾಗಿ, ಕೂಲೆಂಟ್ ಎಕ್ಸಾಸ್ಟ್ ನೀರಿನ ಜೊತೆ ಹೊರಗೆ ಹೋಗುತ್ತಿರಬಹುದು. ಅದನ್ನು ಬಿಚ್ಚಿ ಪ್ರೆಶರ್ ಟೆಸ್ಟ್ ಮಾಡಿಸಿ.