ತುಮಕೂರಿನಲ್ಲಿ ಮನೆ ಕೊಳ್ಳುತ್ತಿದ್ದೇನೆ. ಮಾರುವವರ ವಕೀಲರೇ ಸಾಕೇ, ನನಗೆ ಬೇರೆ ವಕೀಲರು ಬೇಕೇ?

ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ನಗರದ ಹೊರವಲಯದ ಬಡಾವಣೆಯಲ್ಲಿ ಕಟ್ಟಿ ಮುಗಿಸಿದ ಮನೆ, ಬೆಲೆ 58 ಲಕ್ಷ, ಸೋಮವಾರ ಎರಡು ಲಕ್ಷ ಟೋಕನ್ ಕೊಡಬೇಕು. ‘ನಮ್ಮ ವಕೀಲರು ಎಲ್ಲ ಕಾಗದ ನೋಡಿದ್ದಾರೆ, ನಿಮಗೆ ಒಂದು ರೂಪಾಯಿ ಖರ್ಚಿಲ್ಲ’ ಎಂದು ಮಾರುವವರು ಹೇಳುತ್ತಿದ್ದಾರೆ. ಬ್ಯಾಂಕಿನ ವಕೀಲರೂ ನೋಡುತ್ತಾರಲ್ಲ, ಮೂರನೆಯವರು ಯಾಕೆ ಎಂದು ನಿಮ್ಮ ಮನೆಯವರು ಕೇಳುತ್ತಿದ್ದಾರೆ.

ಬೇಕು. ಟೋಕನ್ ಕೊಡುವ ಮೊದಲೇ ಬೇಕು. ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ನಮ್ಮ ಮನೆಯಲ್ಲೇ ಇದೆ.

2003ರಲ್ಲಿ ನನ್ನ ಅಣ್ಣ ತುಮಕೂರಿನ ಅಂಚಿನಲ್ಲಿ ಮೂವತ್ತು-ನಲವತ್ತರ ನಿವೇಶನ ಕೊಂಡ. ಕ್ರಯಪತ್ರ ಬರೆದವರು, ಕಾಗದಗಳು ಸರಿಯಿವೆ ಎಂದು ಹೇಳಿದವರು, ಎಲ್ಲರೂ ಮಾರುವವರ ಕಡೆಯ ಒಬ್ಬರೇ ವಕೀಲರು. ಎಂಟು ವರ್ಷವಾದ ಮೇಲೆ ಉಪವಿಭಾಗಾಧಿಕಾರಿಗಳ ಕಚೇರಿಯಿಂದ ನೋಟಿಸ್ ಬಂತು. ಆ ಜಮೀನು ಬಹಳ ಹಿಂದೆ ಸರ್ಕಾರ ಪರಿಶಿಷ್ಟ ಜಾತಿಯ ಒಂದು ಕುಟುಂಬಕ್ಕೆ ಸಾಗುವಳಿ ಚೀಟಿ ಕೊಟ್ಟು ಮಂಜೂರು ಮಾಡಿದ್ದ ಭೂಮಿ. 1978ರ ಪಿಟಿಸಿಎಲ್ ಕಾಯ್ದೆಯ (ಪರಿಶಿಷ್ಟ ಜಾತಿ, ಪಂಗಡಗಳಿಗೆ ಮಂಜೂರಾದ ಭೂಮಿಯ ಪರಭಾರೆ ತಡೆಯುವ ಕಾಯ್ದೆ) ಪ್ರಕಾರ ಅಂಥ ಭೂಮಿಯನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಮಾಡಿದರೆ ಆ ಮಾರಾಟ ಅನೂರ್ಜಿತ. ಭೂಮಿ ಆ ಕುಟುಂಬಕ್ಕೆ ಹಿಂದಿರುಗಿತು. ಅದು ನ್ಯಾಯವೇ, ಅವರ ಮೇಲೆ ನಮಗೆ ಬೇಸರವಿಲ್ಲ. ಬೇಸರವೇನಿದ್ದರೂ ಗೊತ್ತಿದ್ದೂ ಬಾಯಿ ಬಿಡದವರ ಮೇಲೆ. ಅಣ್ಣ ಆ ವಕೀಲರನ್ನು ಹುಡುಕಿಕೊಂಡು ಹೋದಾಗ ಅವರು ಹೇಳಿದ್ದು ಒಂದೇ ಮಾತು: ‘ನೀವು ನನ್ನ ಕಕ್ಷಿದಾರರಲ್ಲ.’

ಕೋಪದಿಂದ ಕೈ ನಡುಗಿಸುವಂಥ ಮಾತು. ಆದರೆ ಕಾನೂನಿನ ದೃಷ್ಟಿಯಲ್ಲಿ ಅದು ಸರಿ. ವಕೀಲರ ನಿಷ್ಠೆ ಅವರನ್ನು ನೇಮಿಸಿಕೊಂಡವರಿಗೆ. ಅಷ್ಟೇ ಅಲ್ಲ, ಕಕ್ಷಿದಾರರು ನಂಬಿ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ವಕೀಲರು ಹೊರಗೆ ಹೇಳುವಂತಿಲ್ಲ. ಹಿಂದೆ ಸಾಕ್ಷ್ಯ ಅಧಿನಿಯಮದ 126ನೇ ಕಲಮಿನಲ್ಲಿದ್ದ ಈ ನಿಯಮ ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ಇದರ ಅರ್ಥವನ್ನು ನಿಧಾನವಾಗಿ ಯೋಚಿಸಿ. ಮಾರುವವರು ತಮ್ಮ ವಕೀಲರ ಬಳಿ ‘ತಂಗಿಯ ಜೊತೆ ಒಂದು ತಕರಾರಿದೆ’ ಎಂದು ಹೇಳಿಕೊಂಡಿದ್ದರೆ, ಆ ವಕೀಲರು ಎಷ್ಟೇ ಒಳ್ಳೆಯವರಾಗಿರಲಿ, ನಿಮ್ಮ ಮುಂದೆ ಸುಮ್ಮನಿರಬೇಕಾಗುತ್ತದೆ. ಅಂಥವರ ಉಚಿತ ಸಲಹೆಯನ್ನು ನಂಬಿ ಜೀವಮಾನದ ಉಳಿತಾಯ ಸುರಿಯಬೇಡಿ.

ಇನ್ನು ಬ್ಯಾಂಕಿನ ವಕೀಲರು. ಅವರ ವರದಿಯ ಶುಲ್ಕವನ್ನು ಸಾಮಾನ್ಯವಾಗಿ ನಿಮ್ಮಿಂದಲೇ ವಸೂಲಿ ಮಾಡುತ್ತಾರೆ, ವರದಿ ಹೋಗುವುದು ಬ್ಯಾಂಕಿಗೆ. ಕೊಟ್ಟ ಸಾಲಕ್ಕೆ ಈ ಮನೆ ಆಧಾರವಾಗಿ ನಿಲ್ಲುತ್ತದೆಯೇ ಎಂಬುದಷ್ಟೇ ಬ್ಯಾಂಕಿನ ಪ್ರಶ್ನೆ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಆಸ್ತಿಯ ಮೌಲ್ಯದ ಶೇ 80. ಅಂದರೆ ನಿಮ್ಮ ಮನೆಗೆ ಕನಿಷ್ಠ 11 ಲಕ್ಷ 60 ಸಾವಿರ ನಿಮ್ಮ ಕೈಯಿಂದ ಹೋಗುತ್ತದೆ. ಮುದ್ರಾಂಕ ಮತ್ತು ನೋಂದಣಿ ಶುಲ್ಕ ಬೇರೆ. ಆ ಹಣದ ಚಿಂತೆ ಬ್ಯಾಂಕಿಗೆ ಇರುವುದಿಲ್ಲ. ನಾಳೆ ಮಾಲೀಕತ್ವವೇ ಬಿದ್ದುಹೋದರೂ ಸಾಲದ ಕಂತು ನಿಮ್ಮ ಸಂಬಳದಿಂದ ಕಟ್ಟುತ್ತಲೇ ಇರಬೇಕು.

‘ಉಪನೋಂದಣಿ ಕಚೇರಿಯಲ್ಲಿ ನೋಡಿಯೇ ನೋಂದಣಿ ಮಾಡುತ್ತಾರಲ್ಲ’ ಎನ್ನುವವರೂ ಇದ್ದಾರೆ. ಮಾರುವವರಿಗೆ ನಿಜವಾಗಿ ಹಕ್ಕಿದೆಯೇ ಎಂದು ತೀರ್ಮಾನಿಸುವುದು ಉಪನೋಂದಣಾಧಿಕಾರಿಗಳ ಕೆಲಸವಲ್ಲ. ತಮಿಳುನಾಡಿನ ಒಂದು ಪ್ರಕರಣದಲ್ಲಿ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟವಾಗಿ ಹೇಳಿದೆ. ಖಾತೆಯೂ ಹಾಗೆಯೇ: ಅದು ತೆರಿಗೆ ಯಾರಿಂದ ವಸೂಲಿ ಮಾಡಬೇಕು ಎಂಬುದರ ಲೆಕ್ಕ, ಅದರಿಂದಲೇ ಮಾಲೀಕತ್ವ ಹುಟ್ಟುವುದಿಲ್ಲ.

ಈಗ ನನ್ನ ಸ್ವಂತ ಅನುಭವ. 2021ರಲ್ಲಿ ತುಮಕೂರಿನಲ್ಲೇ 46 ಲಕ್ಷಕ್ಕೆ ಒಂದು ಹಳೆಯ ಮನೆ ನೋಡಿದೆ. ಅಣ್ಣನ ಕಥೆ ಎದೆಯಲ್ಲಿ ಕೂತಿದ್ದರಿಂದ, ಜಿಲ್ಲಾ ನ್ಯಾಯಾಲಯದಲ್ಲಿ ಸಿವಿಲ್ ಪ್ರಕರಣ ನಡೆಸುವ ಹಿರಿಯ ವಕೀಲರೊಬ್ಬರ ಬಳಿ ನಾನೇ ಹೋದೆ. ನಾನು ಒಯ್ದಿದ್ದ ಕಡತ ದಪ್ಪಗಿತ್ತು. ಮೂಲಪತ್ರ, ಕುಟುಂಬದ ಆಸ್ತಿ ಪಾಲು ಮಾಡಿಕೊಂಡ ವಿಭಾಗಪತ್ರ, ಖಾತೆ, ಕಂದಾಯದ ರಸೀದಿ, ಮೂವತ್ತು ವರ್ಷಗಳ ಋಣಭಾರ ಪ್ರಮಾಣಪತ್ರ, ಎಲ್ಲವೂ ಇದ್ದವು. ಬ್ಯಾಂಕಿನ ವರದಿಯೂ ಅನುಕೂಲವಾಗಿಯೇ ಬಂದಿತ್ತು.

ಅವರು ಮೊದಲು ಯಾವ ಕಾಗದವನ್ನೂ ಹೊಗಳಲಿಲ್ಲ, ತೆಗಳಲೂ ಇಲ್ಲ. ಒಂದು ಹಳೆಯ ಮದುವೆ ಆಮಂತ್ರಣದ ಹಿಂಬದಿಯಲ್ಲಿ ಪೆನ್ಸಿಲ್ ಹಿಡಿದು ವಂಶವೃಕ್ಷ ಬರೆದರು. ಮೇಲೆ ಅಜ್ಜ, ಕೆಳಗೆ ತಂದೆ, ಅವರ ಕೆಳಗೆ ಇಬ್ಬರು ಗಂಡುಮಕ್ಕಳು. ಆಮೇಲೆ 2008ರ ವಿಭಾಗಪತ್ರದ ಕೊನೆಯ ಪುಟ ತೆಗೆದು ಸಹಿಗಳ ಮೇಲೆ ಬೆರಳಿಟ್ಟು ಎಣಿಸಿದರು: ಒಂದು, ಎರಡು. ಮತ್ತೆ ಮೊದಲ ಪುಟಕ್ಕೆ ಬಂದು, ತಂದೆ ತೀರಿಕೊಂಡ ಸಾಲಿನಲ್ಲಿ ‘ಮಕ್ಕಳ ಪೈಕಿ’ ಎಂಬ ಪದದ ಕೆಳಗೆ ಗೆರೆ ಎಳೆದರು. ‘ಮಕ್ಕಳ ಪೈಕಿ ಎಂದು ಬರೆದಿದ್ದಾರೆ. ಹಾಗಾದರೆ ಉಳಿದವರು ಯಾರು? ಹೆಣ್ಣುಮಕ್ಕಳು ಇದ್ದಾರಾ, ಕೇಳಿಕೊಂಡು ಬನ್ನಿ’ ಎಂದರು.

ಕೇಳಿದೆ. ಪಾವಗಡಕ್ಕೆ ಮದುವೆಯಾಗಿ ಹೋಗಿದ್ದ ಒಬ್ಬ ತಂಗಿ ಇದ್ದರು. 2008ರಲ್ಲಿ ವಿಭಾಗವಾಗಿದ್ದು ಅವರಿಗೆ ತಿಳಿದೇ ಇರಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆ ದಿನ ತಂದೆ ಬದುಕಿರಬೇಕು ಎಂಬ ನಿಯಮವಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಉಳಿದಿದ್ದ ಗೊಂದಲವೂ ಹೋಯಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಣಿಯಾದ ವಿಭಾಗಕ್ಕೆ ರಕ್ಷಣೆಯಿದೆ, ಇದು ಆಮೇಲಿನದು. ನಾನು ಆ ಮನೆ ಕೊಂಡು ಬಣ್ಣ ಹೊಡೆಸಿ ಗೃಹಪ್ರವೇಶ ಮಾಡಿದ ಮೇಲೆ ಆ ತಂಗಿ ದಾವೆ ಹೂಡಿದ್ದರೆ ನಾನು ಯಾವ ಮುಖದಿಂದ ವಾದಿಸಬೇಕಿತ್ತು? ಹಕ್ಕು ಅವರದೇ.

ಋಣಭಾರ ಪ್ರಮಾಣಪತ್ರದಲ್ಲಿ ಇದು ಯಾಕೆ ಕಾಣಲಿಲ್ಲ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಹುಟ್ಟಿನಿಂದ ಬಂದ ಹಕ್ಕು ಯಾವ ಕಚೇರಿಯಲ್ಲೂ ನೋಂದಣಿಯಾಗಿರುವುದಿಲ್ಲ. ನೋಂದಣಿಯಾಗದ ಉಯಿಲು, ನಡೆಯುತ್ತಿರುವ ದಾವೆ, ಬಾಯಿಮಾತಿನ ಕರಾರು ಸಹ ಅದರಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಕಾಗದದಲ್ಲಿ ಇರುವುದನ್ನು ಓದುವವರು ಬಹಳ ಜನ ಸಿಗುತ್ತಾರೆ. ಯಾರ ಸಹಿ ಇಲ್ಲ ಎಂದು ಹುಡುಕುವವರು ನಿಮಗೆ ಬೇಕು, ಮತ್ತು ಹಾಗೆ ಹುಡುಕುವ ಮನಸ್ಸು ಬರುವುದು ನಿಮ್ಮ ಪರವಾಗಿ ಕೂತವರಿಗೆ ಮಾತ್ರ.

ಕೊನೆಗೆ ನನ್ನ ವಕೀಲರು ಹಕ್ಕು ಬಿಡುಗಡೆ ಪತ್ರಕ್ಕೂ ಒಪ್ಪಲಿಲ್ಲ. ಆ ತಂಗಿಯೇ ಮಾರಾಟಗಾರರಲ್ಲಿ ಒಬ್ಬರಾಗಿ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಅವರ ಪಾಲಿನ ಹಣ ಅವರ ಬ್ಯಾಂಕ್ ಖಾತೆಗೇ ನೇರವಾಗಿ ಹೋಗಬೇಕು ಎಂದರು. ಏಳು ವಾರ ತಡವಾಯಿತು, ದಲ್ಲಾಳಿ ಸಿಡಿಮಿಡಿಗೊಂಡರು. ನೋಂದಣಿಯ ದಿನ ಆ ತಂಗಿ ಬೆಳಗಿನ ಬಸ್ಸಿಗೆ ಬಂದಿದ್ದರು. ಹೆಬ್ಬೆಟ್ಟಿನ ಗುರುತು ಕೊಟ್ಟ ಮೇಲೆ ಕೈ ಒರೆಸಿಕೊಳ್ಳುತ್ತಾ ‘ಅಪ್ಪನ ಮನೆಯ ಕಾಗದದಲ್ಲಿ ನನ್ನ ಹೆಸರು ನೋಡಿದ್ದು ಇದೇ ಮೊದಲು’ ಎಂದರು. ಆ ಮಾತನ್ನು ನಾನು ಮರೆತಿಲ್ಲ.

ವಕೀಲರನ್ನು ಹೇಗೆ ಆರಿಸಿಕೊಳ್ಳಬೇಕು ಎಂದೂ ಕೇಳಿದ್ದೀರಿ. ದಲ್ಲಾಳಿ ತೋರಿಸಿದವರು ಬೇಡ, ಬಿಲ್ಡರ್ ಕಚೇರಿಯಲ್ಲೇ ಮೇಜು ಹಾಕಿಕೊಂಡವರೂ ಬೇಡ. ಉಪನೋಂದಣಿ ಕಚೇರಿಯ ಎದುರಿನ ಪತ್ರಬರಹಗಾರರು ಕ್ರಯಪತ್ರವನ್ನು ಅಚ್ಚುಕಟ್ಟಾಗಿ ಬರೆದುಕೊಡುತ್ತಾರೆ, ಆದರೆ ಹಕ್ಕಿನ ಪರಿಶೀಲನೆ ಬೇರೆಯೇ ವಿದ್ಯೆ. ತುಮಕೂರಿನ ಆಸ್ತಿಗೆ ತುಮಕೂರಿನಲ್ಲೇ ಸಿವಿಲ್ ವಕೀಲಿ ಮಾಡುವವರು ಒಳ್ಳೆಯದು. ಪೋಡಿ, ಆಕಾರಬಂದ್, ಇನಾಂತಿ, ಮ್ಯುಟೇಷನ್‌ನಂಥ ಜಮೀನು ದಾಖಲೆಗಳ ಪದಗಳಿಗೆ ಅವರಿಗೆ ನಿಘಂಟು ಬೇಕಿಲ್ಲ, ಯಾವ ದಾಖಲೆ ಯಾವ ಕಚೇರಿಯ ಕಪಾಟಿನಲ್ಲಿದೆ ಎಂದು ಗೊತ್ತಿರುತ್ತದೆ. ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿ: ‘ಈ ಮಾರಾಟಗಾರರಿಗೆ, ಈ ಬಡಾವಣೆಯವರಿಗೆ ನೀವು ಯಾವಾಗಲಾದರೂ ಕೆಲಸ ಮಾಡಿದ್ದೀರಾ?’ ಪ್ರಾಮಾಣಿಕರು ಈ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ. ಶುಲ್ಕವನ್ನು ನೀವೇ ಕೊಟ್ಟು ರಸೀದಿ ಪಡೆಯಿರಿ. ವ್ಯವಹಾರ ಮುಗಿದರೆ ಮಾತ್ರ ಶುಲ್ಕ ಎನ್ನುವ ಏರ್ಪಾಡು ಬೇಡವೇ ಬೇಡ. ‘ಕೊಳ್ಳಬೇಡಿ’ ಎಂದು ಹೇಳಿದ ದಿನವೂ ಅವರಿಗೆ ಪೂರ್ತಿ ಶುಲ್ಕ ಸಲ್ಲಬೇಕು. ನಾನು ಕೊಟ್ಟಿದ್ದು 15 ಸಾವಿರ.

ಅಭಿಪ್ರಾಯ ಬರಹದಲ್ಲಿ ಇರಲಿ, ಅವರ ಸಹಿ ಮತ್ತು ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆಯೊಂದಿಗೆ. ಯಾವ ದಾಖಲೆಯ ಮೂಲಪ್ರತಿ ನೋಡಿದರು, ಯಾವುದರ ಜೆರಾಕ್ಸ್ ಮಾತ್ರ ನೋಡಿದರು ಎಂಬುದು ಅದರಲ್ಲಿ ಬೇರೆಬೇರೆಯಾಗಿ ಬರೆದಿರಬೇಕು. ಭೂಪರಿವರ್ತನೆಯ ಆದೇಶ (ಕೃಷಿ ಜಮೀನನ್ನು ಮನೆ ಕಟ್ಟಲು ಬಳಸಬಹುದು ಎಂಬ ಅನುಮತಿ) ಮತ್ತು ಬಡಾವಣೆಯ ನಕ್ಷೆಗೆ ಸಿಕ್ಕ ಅನುಮೋದನೆಯನ್ನು ಹೆಸರಿಟ್ಟು ಕೇಳಿ, ಹೊರವಲಯದಲ್ಲಿ ಎಡವುವುದು ಇಲ್ಲಿಯೇ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾಗಿರುವುದರಿಂದ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1ರಷ್ಟು ಆದಾಯ ತೆರಿಗೆಯನ್ನು ನೀವೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು, ನಿಮ್ಮ ಲೆಕ್ಕದಲ್ಲಿ 58 ಸಾವಿರ. ಮಾರುವವರ ವಕೀಲರು ಇದನ್ನು ನಿಮಗೆ ನೆನಪಿಸಬೇಕೆಂದೇನಿಲ್ಲ.

ಸೋಮವಾರ ಟೋಕನ್ ಕೊಡಬೇಡಿ. ಬದಲಿಗೆ ದಾಖಲೆಗಳ ಪೂರ್ತಿ ಜೆರಾಕ್ಸ್ ಪ್ರತಿ ಕೇಳಿ, ಮೂರು ವಾರ ಸಮಯ ಬೇಕೆಂದು ಹೇಳಿ. ಬೇರೆ ಗಿರಾಕಿ ಕಾಯುತ್ತಿದ್ದಾರೆ ಎಂದು ಅವರು ಹೇಳಿಯೇ ಹೇಳುತ್ತಾರೆ, ನನಗೂ ಹೇಳಿದ್ದರು. ಏನಾದರೂ ಹಣ ಕೊಡಲೇಬೇಕಾದರೆ, ‘ಖರೀದಿದಾರರ ವಕೀಲರಿಗೆ ಹಕ್ಕು ಸಮಾಧಾನಕರವಾಗಿ ಕಾಣದಿದ್ದರೆ ಪೂರ್ತಿ ಮುಂಗಡ ಹಿಂದಿರುಗಿಸತಕ್ಕದ್ದು’ ಎಂಬ ಸಾಲನ್ನು ಕರಾರಿನಲ್ಲಿ ನಿಮ್ಮ ವಕೀಲರಿಂದಲೇ ಬರೆಸಿ, ಚೆಕ್ ಮೂಲಕ ಕೊಡಿ. ಆ ಒಂದು ಸಾಲಿಗೆ ಅವರು ಒಪ್ಪದಿದ್ದರೆ ಮತ್ತೆ ಇಲ್ಲಿ ಬರೆಯಿರಿ. ಮುಂದೇನು ಮಾಡಬಹುದು ಎಂದು ನನಗೆ ತಿಳಿದಷ್ಟು ಹೇಳುತ್ತೇನೆ.